ಹುಲ್ಲಿನ ಮೇಲಿನ ಧೂಳು, ಗೋಣಿಯೊಳಗಿನ ಬೂಷ್ಟು



ಕಳೆದ ನವೆಂಬರ್‌ನಲ್ಲಿ ಕಾಟಿಪಳ್ಳದ ಒಂದು ಹಟ್ಟಿಗೆ ಹೋಗಿದ್ದೆ. ಮಳೆ ನಿಂತು ಮೂರು ವಾರ ಆಗಿತ್ತು. ದನಕ್ಕೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿರುವಾಗ ಆ ಮನೆಯ ಅಕ್ಕ ಆಗಷ್ಟೇ ಕೊಯ್ದು ತಂದ ಹುಲ್ಲಿನ ಕಟ್ಟಿನಿಂದ ಒಂದು ಹಿಡಿ ತೆಗೆದು ಅಂಗೈಯಿಂದ ಒರೆಸಿ ತೋರಿಸಿದರು. ಅಂಗೈ ಕಪ್ಪಾಗಿತ್ತು.

"ಡಾಕ್ಟ್ರೇ, ದನ ತಿನ್ನುವುದು ಇದನ್ನೇ. ಈ ಹಾಲನ್ನು ಎರಡು ವರ್ಷದ ಮೊಮ್ಮಗಳಿಗೆ ಕೊಡಬಹುದಾ?"

ಇದು ಅವರೊಬ್ಬರ ಪ್ರಶ್ನೆಯಲ್ಲ. ಸುರತ್ಕಲ್, ಕುಳಾಯಿ, ಬೈಕಂಪಾಡಿ, ಜೋಕಟ್ಟೆ, ಎಲ್ಲಿ ಹೋದರೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಪಣಂಬೂರಿನಲ್ಲಿ ಬಂದರು ಕಟ್ಟುವಾಗ ಗದ್ದೆ ಮನೆ ಬಿಟ್ಟು ಬಂದವರಿಗೆ ಮಾಡಿಕೊಟ್ಟ ಊರು ಕಾಟಿಪಳ್ಳ. ಸ್ವಂತ ಗದ್ದೆಯ ಹುಲ್ಲು ಹೋಗಿ, ರಸ್ತೆ ಬದಿಯದ್ದು, ಖಾಲಿ ಸೈಟಿನದ್ದು ಕೊಯ್ಯುವ ಪರಿಸ್ಥಿತಿ ಬಂತು. ಜೋಕಟ್ಟೆ, ಕಳವಾರಿನ ಜನ ಕೋಕ್ ಧೂಳಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಅಕ್ಕನಿಗೆ ಉತ್ತರ ಕೊಡುವ ಮೊದಲು ನನ್ನ ಕಣ್ಣು ಗೋಡೆಯ ಬದಿಗೆ ಹೋಯಿತು. ನೆಲಗಡಲೆ ಹಿಂಡಿಯ ಗೋಣಿಯೊಂದು ಸಿಮೆಂಟ್ ನೆಲದ ಮೇಲೆಯೇ, ಗೋಡೆಗೆ ಒರಗಿಸಿ ಇತ್ತು. ಆಗಸ್ಟ್‌ನಲ್ಲಿ ತಂದದ್ದಂತೆ. ಕೈ ಹಾಕಿದರೆ ಅಡಿಯಲ್ಲಿ ಗಟ್ಟಿ ಗಟ್ಟಿ ಉಂಡೆ, ಒಡೆದರೆ ಒಳಗೆ ಹಸಿರು ಬಣ್ಣದ ಬೂಷ್ಟು. ಅವರಿಗೆ ಹೆದರಿಕೆ ಇದ್ದದ್ದು ಹುಲ್ಲಿನ ಮೇಲಿನ ಧೂಳಿನ ಬಗ್ಗೆ, ನನಗೆ ಹೆದರಿಕೆ ಆದದ್ದು ಆ ಗೋಣಿಯನ್ನು ನೋಡಿ.

ಏಕೆಂದು ಹೇಳುತ್ತೇನೆ. ದನದ ಹೊಟ್ಟೆಗೆ ಹೋದ ವಿಷವೆಲ್ಲ ಹಾಲಿಗೆ ಒಂದೇ ರೀತಿ ಬರುವುದಿಲ್ಲ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಹೆಚ್ಚಾಗಿ ಎಲುಬು, ಯಕೃತ್ತು, ಮೂತ್ರಪಿಂಡಗಳಲ್ಲಿ ಕೂತುಬಿಡುತ್ತವೆ, ಹಾಲಿಗೆ ಬರುವ ಪಾಲು ಸಣ್ಣದು. ಇನ್ನು ಕೆಲವು ವಿಷಗಳು ಕೊಬ್ಬಿನಲ್ಲಿ ಕರಗುತ್ತವೆ. ಹಾಲಿನಲ್ಲಿ ಕೊಬ್ಬು ಇರುವುದರಿಂದ ಅವು ಹಾಲಿಗೂ ಬರುತ್ತವೆ, ಕೆನೆಗೂ ತುಪ್ಪಕ್ಕೂ ಹೋಗುತ್ತವೆ. ಮೂರನೆಯ ಬಗೆಯದು ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್. ದನ ತಿಂದ ಅಫ್ಲಾಟಾಕ್ಸಿನ್ ಯಕೃತ್ತಿನಲ್ಲಿ ರೂಪ ಬದಲಿಸಿ, ಒಂದು ದಿನ ಕಳೆಯುವುದರೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲು ಕುದಿಸಿದರೂ ಹೋಗುವುದಿಲ್ಲ. ಮೊಸರು ಮಾಡಿದರೂ ಇರುತ್ತದೆ.

ಈ ವಿಷ ಜಗತ್ತಿಗೆ ಗೊತ್ತಾದದ್ದೇ ಪ್ರಾಣಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ರೋಗ ಯಾವುದೆಂದು ತಿಳಿಯದೆ ಹುಡುಕಿ ಹುಡುಕಿ, ಕೊನೆಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ನೆಲಗಡಲೆ ಹಿಂಡಿ. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಮಂದಿ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬಿ ಸತ್ತರು. ಆ ಮನೆಗಳ ನಾಯಿಗಳಿಗೂ ಅದೇ ರೋಗ ಬಂದಿತ್ತು. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ಹೊಟ್ಟೆ ಸೇರಿದರೆ ಯಕೃತ್ತಿನ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನ ಉಳಿದಿಲ್ಲ. ಅದಕ್ಕೇ ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂಗಿಂತ ಹೆಚ್ಚು ಇರಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿದೆ. ಅರ್ಧ ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲು.

"ಬಿಸಿಲಿಗೆ ಹಾಕಿ ಒಣಗಿಸಿದರೆ ಸಾಲದಾ?" ಎಂದು ಅಕ್ಕ ಕೇಳಿದರು. ಸಾಲದು. ಬೂಷ್ಟು ಒಣಗಿ ಉದುರಬಹುದು, ಅದು ಬಿಟ್ಟುಹೋದ ವಿಷ ಹಿಂಡಿಯಲ್ಲೇ ಇರುತ್ತದೆ. "ಹಾಗಾದರೆ ಕೋಳಿಗೆ ಹಾಕುತ್ತೇನೆ." ಅದೂ ಬೇಡ, ಮರಿಗಳು ದನಕ್ಕಿಂತ ಬೇಗ ಸಾಯುತ್ತವೆ. ದುಡ್ಡು ಕೊಟ್ಟು ತಂದ ಹಿಂಡಿಯನ್ನು ಗೊಬ್ಬರದ ಗುಂಡಿಗೆ ಸುರಿಯಿರಿ ಎಂದು ಹೇಳಲು ನನಗೂ ಸಂಕಟವಾಗುತ್ತದೆ, ಹಾಲಿನ ಲೆಕ್ಕದಲ್ಲಿ ಎಷ್ಟು ಉಳಿಯುತ್ತದೆಂದು ಗೊತ್ತಿಲ್ಲದವನಲ್ಲ ನಾನು. ಆದರೆ ಒಂದು ಸಮಾಧಾನ ಇದೆ. ಕೆಟ್ಟ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಇಷ್ಟು ಬೇಗ ಬಿಟ್ಟುಹೋಗುವ ವಿಷ ಕಡಿಮೆ. ಮುಂದಿನ ಮಳೆಗಾಲಕ್ಕೆ ಹಲಗೆ ಅಥವಾ ಅಡಿಕೆ ಮರದ ಸಲಾಕೆ ಹಾಸಿ ಗೋಣಿ ಅದರ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಅಗ್ಗಕ್ಕೆ ಸಿಕ್ಕಿತೆಂದು ಮೂರು ತಿಂಗಳದ್ದು ತಂದಿಡಬೇಡಿ, ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ. ತೆಂಗಿನ ಹಿಂಡಿ, ಜೋಳದ ಹಿಟ್ಟು, ಬೈಹುಲ್ಲಿಗೂ ಇದೇ ಮಾತು.

ಇನ್ನೊಂದು ವಿಷಯ ಹೊಗೆ. ಸಂಜೆ ನುಸಿ ಓಡಿಸಲು ಹಟ್ಟಿಯಲ್ಲಿ ಹೊಗೆ ಹಾಕುವುದು ನಮ್ಮ ಹಳೆಯ ಅಭ್ಯಾಸ. ತೆಂಗಿನ ಸಿಪ್ಪೆ, ಕಹಿಬೇವಿನ ಸೊಪ್ಪು ಇದ್ದ ಕಾಲದಲ್ಲಿ ಅದು ಬೇರೆ. ಈಗ ಆ ಬೆಂಕಿಗೆ ಹಾಲಿನ ತೊಟ್ಟೆ, ಹಳೆ ಪೈಪಿನ ತುಂಡು, ವಯರ್, ಸೈಕಲ್ ಟಯರ್ ಎಲ್ಲ ಸೇರುತ್ತವೆ. ಪಿವಿಸಿ ಪೈಪು, ವಯರಿನ ಹೊದಿಕೆ ಕಡಿಮೆ ಬೆಂಕಿಯಲ್ಲಿ ಹೊಗೆಯಾಡಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೂದಿಯೊಂದಿಗೆ ಹುಲ್ಲಿನ ಮೇಲೆ ಬೀಳುತ್ತದೆ, ದನ ತಿನ್ನುತ್ತದೆ, ಕೊಬ್ಬಿನಲ್ಲಿ ಬಹುಕಾಲ ಇರುತ್ತದೆ, ಹಾಲಿನಲ್ಲಿ ಹೊರಬರುತ್ತದೆ. ಮನುಷ್ಯರ ಮೈ ಸೇರುವ ಡಯಾಕ್ಸಿನ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಬರುವುದು ಆಹಾರದಿಂದ, ಅದರಲ್ಲೂ ಮಾಂಸ, ಹಾಲು, ಮೀನಿನಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಸ ಸುಟ್ಟ ಜಾಗದ ಹುಲ್ಲು ಕೊಯ್ಯಬೇಡಿ, ಆ ಬೂದಿಯನ್ನು ಹುಲ್ಲಿನ ಪಾತಿಗೆ ಹಾಕಬೇಡಿ. ಹಳೆಯ ಬ್ಯಾಟರಿಯನ್ನೂ ಹಟ್ಟಿಯ ಹತ್ತಿರ ಇಡಬೇಡಿ, ದನ ಅದನ್ನು ರುಚಿಗೆ ನೆಕ್ಕುತ್ತದೆ. ಹಲ್ಲು ಕಡಿಯುತ್ತಾ, ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಂತರೆ ಸೀಸದ ವಿಷವೂ ಇರಬಹುದು, ಕೂಡಲೇ ಫೋನ್ ಮಾಡಿ.

ಹಾಗಾದರೆ ಅಂಗೈಗೆ ಅಂಟಿದ ಆ ಕಪ್ಪು? ತಪ್ಪೆಲ್ಲ ಹೆಂಗಸರ ಗೋಣಿಯದ್ದು, ಹೊರಗಿನ ಧೂಳು ಏನೂ ಅಲ್ಲ ಎಂದು ನಾನು ಹೇಳಿದೆನೆಂದು ಭಾವಿಸಬೇಡಿ. ಕೋಕ್ ಧೂಳು ಬಹುಪಾಲು ಇಂಗಾಲ. ಅದರ ಸಣ್ಣ ಕಣಗಳಿಂದ ಹೆಚ್ಚು ತೊಂದರೆ ಶ್ವಾಸಕೋಶಕ್ಕೆ, ನಿಮ್ಮದಕ್ಕೂ ದನದ್ದಕ್ಕೂ. ಹಾಲಿನ ಮೂಲಕ ಮಗುವಿಗೆ ತಲುಪುವುದಕ್ಕಿಂತ ಅಂಗಳದ ಗಾಳಿಯಲ್ಲಿ ತಲುಪುವುದೇ ಹೆಚ್ಚು. ಹುಲ್ಲನ್ನು ನೀರಿನಲ್ಲಿ ಅದ್ದಿ ಕೊಡವಿ ಹಾಕಿ, ಹಾಲು ಮೊಮ್ಮಗಳಿಗೆ ಕೊಡಿ ಎಂದು ಅಕ್ಕನಿಗೆ ಹೇಳಿದೆ. ಜತೆಗೆ ಇನ್ನೊಂದು ಮಾತೂ ಹೇಳಿದೆ, ಅದಕ್ಕೆ ಪಡ್ರೆಯ ಕಥೆ ಬೇಕು.

ಪಡ್ರೆ ಇರುವುದು ಗಡಿ ದಾಟಿದರೆ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ. ಕನ್ನಡ, ತುಳು ಮಾತಾಡುವ ಊರು, ಗುಡ್ಡ ಕೊರೆದ ಸುರಂಗದ ನೀರು ಕುಡಿಯುವ ಊರು. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟ. ಗೇರಿನ ಟೀ ಸೊಳ್ಳೆಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಮೊದಲ ಸುಳಿವು ಕೊಟ್ಟದ್ದು ಆಸ್ಪತ್ರೆಯಲ್ಲ, ಹಟ್ಟಿ. ಸಿಂಪಡಣೆ ಶುರುವಾದ ಕೆಲವೇ ವರ್ಷಗಳಲ್ಲಿ ಕಾಲು ಸೊಟ್ಟಗಿನ ಕರುಗಳು ಹುಟ್ಟಿದವು. ಅದನ್ನು ಕಂಡು ಬರೆದವರು ಅಲ್ಲಿನವರೇ ಆದ ಕೃಷಿಕ ಪತ್ರಕರ್ತ ಶ್ರೀಪಡ್ರೆ. ಆಗ ಯಾರೂ ಕಿವಿಗೊಡಲಿಲ್ಲ. ಆಮೇಲೆ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಹೆಚ್ಚಿರುವುದನ್ನು ಗಮನಿಸಿ ವೈದ್ಯಕೀಯ ಪತ್ರಿಕೆಗೆ ಬರೆದರು. ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳ ಸುತ್ತಲೂ ಅಂಥದೇ ಮಕ್ಕಳಿದ್ದರು. ಆ ಮಕ್ಕಳನ್ನು ಎತ್ತಿ ಮಲಗಿಸಿ ಉಣಿಸುವ ತಾಯಂದಿರನ್ನು ಕೊಕ್ಕಡದ ಕಡೆ ಹೋದವರು ಈಗಲೂ ನೋಡಬಹುದು.

ಕಾರಣ ಎಂಡೋಸಲ್ಫಾನ್ ಹೌದೋ ಅಲ್ಲವೋ ಎಂಬ ಜಗಳ ಬಹುಕಾಲ ನಡೆಯಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ವಿಷ ಇದೆಯೆಂದು ತೋರಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೋಲಿಕೆಗೆ ಬೇರೊಂದು ಊರನ್ನೂ ಇಟ್ಟುಕೊಂಡು ನೋಡಿ, ಪಡ್ರೆಯ ಮಕ್ಕಳಲ್ಲಿ ತೊಂದರೆ ಹೆಚ್ಚು ಎಂದಿತು. ನಂತರದ ಸರ್ಕಾರಿ ಸಮಿತಿಗಳು ನಂಟು ಸಾಬೀತಾಗಿಲ್ಲ ಎಂದವು. ಇಷ್ಟೆಲ್ಲ ಆಗಿ 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು, ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆಯಿತು. ಒಬ್ಬೊಬ್ಬ ಮಗುವಿನ ಕಾಯಿಲೆಯನ್ನೂ ಇದರಿಂದಲೇ ಎಂದು ಪ್ರಯೋಗಾಲಯದಲ್ಲಿ ತೋರಿಸಲಾಗದು, ಅದು ನಿಜ. ಆದರೆ ಆ ಕರುಗಳನ್ನು ಅಂದೇ ಎಣಿಸಿ, ಮಾದರಿ ತೆಗೆದು ಪರೀಕ್ಷಿಸಿದ್ದರೆ ಇಪ್ಪತ್ತು ವರ್ಷ ಸಿಂಪಡಿಸಬೇಕಾಗಿರಲಿಲ್ಲ ಎಂದು ಪಶುವೈದ್ಯನಾಗಿ ನನಗೆ ಅನ್ನಿಸುತ್ತದೆ.

ಅಮೆರಿಕದ ಮಿಷಿಗನ್‌ನಲ್ಲೂ 1973ರಲ್ಲಿ ಹೀಗೇ ಆಯಿತು. ಪಶು ಆಹಾರಕ್ಕೆ ಬೆರೆಸಬೇಕಾದ ಪುಡಿಯ ಬದಲು ಪ್ಲಾಸ್ಟಿಕ್‌ಗೆ ಬೆಂಕಿ ಹಿಡಿಯದಂತೆ ಹಾಕುವ ರಾಸಾಯನಿಕ ತಪ್ಪಿ ಸೇರಿತು. ದನಗಳು ಮೇವು ಬಿಟ್ಟವು, ಹಾಲು ಇಳಿಯಿತು, ಗೊರಸು ಉದ್ದ ಬೆಳೆಯಿತು. ಒಬ್ಬ ಹೈನುಗಾರ ತನ್ನ ಲೆಕ್ಕ ಹಿಡಿದು ತಿಂಗಳುಗಟ್ಟಲೆ ಬೆನ್ನು ಹತ್ತಿದ್ದರಿಂದ ಕಾರಣ ಗೊತ್ತಾಯಿತು. ಅಷ್ಟರಲ್ಲಿ ಲಕ್ಷಾಂತರ ಜನ ಆ ಹಾಲು ಕುಡಿದಾಗಿತ್ತು. ಅವರ ಮಕ್ಕಳ ಆರೋಗ್ಯವನ್ನೂ ವಿಜ್ಞಾನಿಗಳು ಇನ್ನೂ ಗಮನಿಸುತ್ತಿದ್ದಾರೆ.

ಅಕ್ಕನಿಗೆ ನಾನು ಹೇಳಿದ ಇನ್ನೊಂದು ಮಾತು ಇದು: ಬರೆದಿಡಿ. ದಿನಕ್ಕೆರಡು ಸಲ ಕೆಚ್ಚಲು ಮುಟ್ಟುವವರು ನೀವು, ನಾನು ತಿಂಗಳಿಗೊಮ್ಮೆ ಬರುವವನು. ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ದಿನಾಂಕ, ಹಾಲೆಷ್ಟು, ಹುಲ್ಲು ಎಲ್ಲಿಯದು, ಹಿಂಡಿ ಯಾವಾಗ ತಂದದ್ದು. ದನ ಕಂದು ಹಾಕಿದರೆ, ಕರು ವಿಕಾರವಾಗಿ ಹುಟ್ಟಿದರೆ, ಎಷ್ಟು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲದಿದ್ದರೆ ಅದೂ ಇರಲಿ. ಎಲ್ಲವೂ ವಿಷದಿಂದ ಎಂದು ತೀರ್ಮಾನಿಸಬೇಡಿ. ಕಂದು ಹಾಕಿದರೆ ನಾನು ಮೊದಲು ಅನುಮಾನಿಸುವುದು ಬ್ರುಸೆಲ್ಲಾ ರೋಗವನ್ನು. ಅದು ಮನುಷ್ಯರಿಗೂ ಅಂಟುತ್ತದೆ, ಬಿದ್ದ ಕರುವನ್ನು, ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ರಕ್ತದ ಮಾದರಿ ಕಳಿಸಿದರೆ ಗೊತ್ತಾಗುತ್ತದೆ. ರೋಗವಿಲ್ಲ, ಮೇವೂ ಸರಿ ಇದೆ, ಆದರೂ ಒಂದೇ ಓಣಿಯ ನಾಲ್ಕು ಹಟ್ಟಿಗಳಲ್ಲಿ ಒಂದೇ ತೊಂದರೆ ಎಂದು ನಾಲ್ಕು ಪುಸ್ತಕಗಳು ಹೇಳಿದರೆ, ಅದನ್ನು ಹಿಡಿದು ಮೇಲಿನವರ ಮುಂದೆ ನಿಲ್ಲಬಹುದು. "ನಮ್ಮ ದನಗಳಿಗೆ ಏನೋ ಆಗುತ್ತಿದೆ" ಎಂದರೆ ಯಾರೂ ಕೇಳುವುದಿಲ್ಲ.

ಆ ಅಕ್ಕ ಬರೆಯಲು ಶುರು ಮಾಡಿದ್ದಾರೆ. ಅವರಿಗೆ ಓದು ಬರಹ ಕಡಿಮೆ, ಏಳನೇ ತರಗತಿಯ ಮೊಮ್ಮಗ ಬರೆದುಕೊಡುತ್ತಾನೆ. ಹಿಂಡಿಯ ಗೋಣಿ ಈಗ ಎರಡು ಕೆಂಪುಕಲ್ಲಿನ ಮೇಲಿಟ್ಟ ಹಲಗೆಯಲ್ಲಿದೆ. ನಿಮ್ಮ ಹಟ್ಟಿಗೆ ಬಂದಾಗ ನಾನು ಮೊದಲು ಗೋಣಿ ನೋಡುತ್ತೇನೆ, ಆಮೇಲೆ ಪುಸ್ತಕ ಕೇಳುತ್ತೇನೆ. ತೆಗೆದಿಟ್ಟಿರಿ.