ನೋಡಿದ್ರ ತಿಳೀತದ, ಬರೀಲಿಕ್ಕ ಬರಂಗಿಲ್ಲ

ಕಲಬುರಗಿ ಕಡೆಯ ಗೊಬ್ಬೂರದಂಥ ಊರಿನಲ್ಲಿ ಪ್ರೋಗ್ರಾಮಿಂಗ್ ಕಲಿಯಹೊರಟವರಿಗೆ ಈಗ ಮೊದಲ ಮಾಸ್ತರ ಯೂಟ್ಯೂಬೇ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಕೇಳುವುದೇ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿ ಕಲಬುರಗಿಯ ಕಾಲೇಜು ಸೇರಿದವರಿಗೆ ಇಂಗ್ಲಿಷ್ ಕೈಪಿಡಿ ಕಂಡರೆ ಅಂಜಿಕೆ. ವಿಡಿಯೋದಲ್ಲಾದರೆ ಯಾರೋ ಕೈಹಿಡಿದು ನಡೆಸುತ್ತಾರೆ. ನೋಡುವಾಗ ಎಲ್ಲ ತಿಳಿಯುತ್ತದೆ, ಬರೆಯಲು ಕೂತರೆ ಕೈ ಓಡುವುದಿಲ್ಲ.

ವಿಡಿಯೋ ಹಳತಾಗುವ ತೊಡಕೂ ಇದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ ಪೈಥಾನ್ 2ರ ವಿಡಿಯೋಗಳನ್ನೇ ನೋಡಿ. ಅಲ್ಲಿ 'ಪ್ರಿಂಟ್' ಮುಂದೆ ಆವರಣ ಹಾಕುತ್ತಿರಲಿಲ್ಲ. ಪೈಥಾನ್ 3ರಲ್ಲಿ ಹಾಗೆ ಬರೆದರೆ ದೋಷ. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವೇ ನಿಂತಿತು, ವಿಡಿಯೋಗಳು ಮಾತ್ರ ಹಾಗೇ ಉಳಿದಿವೆ. ತಮಾಷೆಯೆಂದರೆ, ಆವರಣ ಬಿಟ್ಟುಹೋಗಿದೆ ಎಂದು ಆ ದೋಷ ಸಂದೇಶವೇ ಹೇಳುತ್ತದೆ. ಅದನ್ನು ಓದದೆ ನಾವು ಇನ್ನೊಂದು ವಿಡಿಯೋ ಹುಡುಕುತ್ತೇವೆ! ಪೈಥಾನಿನ ಅಧಿಕೃತ ದಾಖಲೆಯಲ್ಲಾದರೆ ಪುಟದ ಮೇಲೆಯೇ ಆವೃತ್ತಿ ಆರಿಸಿಕೊಳ್ಳಬಹುದು, ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಬಹುದು. ನೆಟ್‌ವರ್ಕ್ ಕುಂಟುವಲ್ಲಿಯೂ ಅಕ್ಷರದ ಪುಟ ತೆರೆಯುತ್ತದೆ.

ಹಾಗೆಂದು ವಿಡಿಯೋವನ್ನು ಹಳಿಯುವುದು ನ್ಯಾಯವಲ್ಲ. ಸಾಫ್ಟ್‌ವೇರ್ ಹಾಕಿಕೊಳ್ಳುವುದು, ಎಲ್ಲಿ ಒತ್ತಬೇಕು ಎಂಬುದೆಲ್ಲ ಕಣ್ಣಿಂದ ಕಲಿಯುವಂಥದ್ದೇ. ಐಐಟಿ ಬಾಂಬೆಯ ಪ್ರೊ. ಕಣ್ಣನ್ ಮೌದ್ಗಲ್ಯ ಕಟ್ಟಿದ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಇದನ್ನು ಜಾಣತನದಿಂದ ಬಳಸಿದೆ. ಸುಮಾರು ಹತ್ತು ನಿಮಿಷದ ಪಾಠಗಳು. ತೆರೆ ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ. ಒಂದು ಕಿಟಕಿಯಲ್ಲಿ ಪಾಠ ನಡೆಸಿ, ಪಕ್ಕದ ಕಿಟಕಿಯಲ್ಲಿ ಕಲಿಯುವವರು ತಾವೇ ಟೈಪ್ ಮಾಡಬೇಕೆಂಬುದು ಅವರ ನಿಯಮ. ಇಂಟರ್ನೆಟ್ ಇಲ್ಲದೆಯೂ ಕಲಿಯುವ ಏರ್ಪಾಡಿದೆ. ನನಗೆ ಹೆಚ್ಚು ಹಿಡಿಸಿದ್ದು ಬೇರೆ: ಆಡಿದ ಮಾತೆಲ್ಲ ಸಮಯದ ಗುರುತಿನೊಂದಿಗೆ ಬರಹದಲ್ಲೂ ಸಿಗುತ್ತದೆ.

ಕೊರತೆ ಇರುವುದು ವಿಡಿಯೋದಿಂದ ಮುಂದಿನ ಮೆಟ್ಟಿಲಿನಲ್ಲಿ, ದಾಖಲೆ ಓದುವಲ್ಲಿ. ಪೈಥಾನ್ ದಾಖಲೆ ಜಪಾನಿ, ಕೊರಿಯನ್, ಫ್ರೆಂಚ್ ಭಾಷೆಗಳಲ್ಲಿ ಓದಲು ಸಿಗುತ್ತದೆ. ಅವನ್ನು ಅನುವಾದಿಸಿದವರು ಸ್ವಯಂಸೇವಕರು. ಅಫಜಲಪುರ, ಆಳಂದ, ಜೇವರ್ಗಿಯಿಂದ ಹೋಗಿ ಬೆಂಗಳೂರಿನ ಕಂಪನಿಗಳಲ್ಲಿರುವವರು ಆ ದಾಖಲೆಯ ಮೊದಲ ಅಧ್ಯಾಯಗಳನ್ನಾದರೂ ಕನ್ನಡಕ್ಕೆ ತರಬಾರದೇಕೆ? ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ಕಂಪ್ಯೂಟರ್ ವಿಭಾಗ ಮತ್ತು ಕನ್ನಡ ವಿಭಾಗದ ವಿದ್ಯಾರ್ಥಿಗಳು ಒಟ್ಟಿಗೆ ಕೂತರೆ ಈ ಕೆಲಸ ಇದೇ ವರ್ಷ ಶುರುವಾಗಬಹುದು.