ಬಿತ್ತನೆ ಗೂಡಿನೊಳಗಿನ ಗಂಡು ಹೆಣ್ಣು

ಸೇಲಂ, ಧರ್ಮಪುರಿ ಸೀಮೆಯ ಕನ್ನಡ ಮನೆಗಳಿಗೆ ರೇಷ್ಮೆ ಹೊಸದಲ್ಲ. ಸೇಲಮಿನ ದೇವಾಂಗ ನೇಕಾರರು ಅದನ್ನು ಮಗ್ಗದಲ್ಲಿ ಬಲ್ಲರು. ಧರ್ಮಪುರಿ, ಹೊಸೂರು ಕಡೆಯ ಬೇಸಾಯಗಾರರು ಹಿಪ್ಪುನೇರಳೆ ತೋಟದಲ್ಲಿ ಬಲ್ಲರು. ಆದರೆ ನೂಲಿಗೆ ಹೋಗುವ ಗೂಡಿನ ಜೀವ ಬಿಸಿಯಲ್ಲಿಯೇ ಮುಗಿಯುವುದರಿಂದ, ಅದರೊಳಗಿನ ಗಂಡು ಹೆಣ್ಣಿನ ವಿಚಾರ ನಮ್ಮ ಗಮನಕ್ಕೆ ಬರುವುದು ಕಡಿಮೆ. ಅದನ್ನು ಕಾಣಬೇಕಾದರೆ ಬಿತ್ತನೆ ಕೋಠಿಗೆ ಹೋಗಬೇಕು.

ಅಲ್ಲಿ ಗೂಡೊಡೆದು ಬರುವ ಪತಂಗಗಳಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಹೆಣ್ಣು ದಪ್ಪ, ಗಂಡು ಸಣ್ಣ. ಒಂದೇ ದಿನ ಚಾಕಿ ಕಟ್ಟಿದ ಹುಳುಗಳಾದರೂ ಗಂಡು ಸಾಮಾನ್ಯವಾಗಿ ಮುಂಚೆ ಹೊರಬರುತ್ತದೆ, ಹೆಣ್ಣು ತುಸು ತಡವಾಗಿ.

ಇದಕ್ಕೆ ಕಾರಣವುಂಟು. ರೇಷ್ಮೆ ಪತಂಗವು ಏನನ್ನೂ ತಿನ್ನುವುದಿಲ್ಲ. ಹೆಣ್ಣು ಇಡುವ ನಾನೂರು ಐನೂರು ಮೊಟ್ಟೆಗಳ ಸಾರವೆಲ್ಲ ಹುಳುವಾಗಿದ್ದಾಗ ಮೇಯ್ದ ಸೊಪ್ಪಿನಿಂದಲೇ ಬರಬೇಕು. ಮೈ ತುಂಬಿದಷ್ಟೂ ಮೊಟ್ಟೆ ಹೆಚ್ಚು. ಮೈ ತುಂಬಲು ಕಾಲ ಬೇಕು. ಗಂಡಿಗೆ ಅಂತಹ ಹೊರೆಯಿಲ್ಲ. ಹೊರಬಂದ ಹೆಣ್ಣು ಬೇಗನೆ ಕೂಡುವುದರಿಂದ, ತಡವಾಗಿ ಬಂದ ಗಂಡಿಗೆ ಸಂಗಾತಿ ತಪ್ಪುತ್ತದೆ. ಆದುದರಿಂದ ಹೆಣ್ಣಿಗೆ ತೂಕವೇ ಲಾಭ, ಗಂಡಿಗೆ ಹೊತ್ತೇ ಲಾಭ.

ಚಾರ್ಲ್ಸ್ ಡಾರ್ವಿನ್ ಮಹಾಶಯರು ಸಂಗಾತಿಗಾಗಿ ನಡೆಯುವ ಪೈಪೋಟಿಯನ್ನು ಕುರಿತು 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರೇಷ್ಮೆಯ ಮಾತನ್ನೂ ಎತ್ತಿದ್ದಾರೆ. ಫ್ರಾನ್ಸಿನಲ್ಲಿ ಗಂಡು ಹೆಣ್ಣಿನ ಗೂಡುಗಳನ್ನು ತೂಗಿಯೇ ಬೇರೆ ಮಾಡುತ್ತಿದ್ದರೆಂದು ಅವರು ಬರೆದರು. ಎಲ್ಲ ಕೀಟಗಳಲ್ಲಿಯೂ ಗಂಡು ಸಣ್ಣದಲ್ಲವೆಂಬುದನ್ನೂ ಅವರು ತೋರಿಸಿದರು. ಗಂಡುಗಳು ಪರಸ್ಪರ ಕಾದಾಡುವ ಜಾತಿಗಳಲ್ಲಿ ದೊಡ್ಡ ಮೈಗೇ ಗೆಲುವು. ನಮ್ಮ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯಲ್ಲಿ ಗಂಡಿನ ಕೊಂಬೇ ಉದ್ದವಾಗಿರುವುದನ್ನು ಇಲ್ಲಿ ನೆನೆಯಬಹುದು.

ಈ ತಿಳಿವಳಿಕೆ ಬರಿಯ ಪಾಂಡಿತ್ಯವಲ್ಲ; ಬೆಳೆಗಾರನ ಬದುಕಿಗೆ ಸಂಬಂಧಿಸಿದ್ದು. ಮೈಸೂರು ತಳಿಯ ಹೆಣ್ಣನ್ನು ದ್ವಿತಳಿಯ ಗಂಡಿನೊಡನೆ ಕೂಡಿಸಿ ಮಿಶ್ರತಳಿಯ ಮೊಟ್ಟೆ ಪಡೆಯುವುದು ವಾಡಿಕೆ. ಇದಕ್ಕಾಗಿ ಕೋಶದ ಹೊಟ್ಟೆಯ ತುದಿಯ ಗುರುತು ನೋಡಿ ಗಂಡು ಹೆಣ್ಣನ್ನು ಮೊದಲೇ ಬೇರ್ಪಡಿಸುತ್ತಾರೆ. ಮುಂಚೆ ಬಂದ ಗಂಡುಗಳನ್ನು ತಂಪಿನಲ್ಲಿಟ್ಟು ಹೆಣ್ಣು ಬರುವವರೆಗೆ ಕಾಯಿಸುತ್ತಾರೆ. ಒಮ್ಮೆ ಕೂಡಿದ ಗಂಡನ್ನು ವಿಶ್ರಾಂತಿ ಕೊಟ್ಟು ಮತ್ತೊಮ್ಮೆಯೂ ಬಳಸುತ್ತಾರೆ. ಈ ಹೊಂದಾಣಿಕೆ ತಪ್ಪಿದರೆ ಮೊಟ್ಟೆ ಬರಡಾಗುತ್ತದೆ. ಬರಡು ಮೊಟ್ಟೆಯ ನಷ್ಟ ಕೊನೆಗೆ ಸೊಪ್ಪು ಬೆಳೆದು ಕಾದಿರುವ ಮನೆಯವರದು.

ಇನ್ನೊಂದು ಮಾತು. ಗೂಡಿನ ಭಾರವೆಲ್ಲ ನೂಲಲ್ಲ. ಹೆಣ್ಣಿನ ಗೂಡು ತೂಗುವುದು ಒಳಗಿನ ಕೋಶದಿಂದ. ಒಟ್ಟು ತೂಕದಲ್ಲಿ ರೇಷ್ಮೆಯ ಪಾಲು ಗಂಡಿನ ಗೂಡಿನಲ್ಲಿಯೇ ಹೆಚ್ಚು. ಮಾರುಕಟ್ಟೆಗೆ ಗೂಡು ಒಯ್ಯುವ ನಮ್ಮ ಬಂಧುಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲೆಂದು ನಾವು ಬಯಸುತ್ತೇವೆ.