ನೆಲ ಮುಟ್ಟದ ಪಾದ

ಕಿಟಕಿ ಪಕ್ಕ ಕೂತಿದ್ದ ಅಮ್ಮನ ಪಾದಗಳು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಅದು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ವಿಮಾನ ಹೊರಟು ಒಂದೂವರೆ ಗಂಟೆಯಾಗಿತ್ತು. ಹಸಿರು ಅಂಚಿನ ನೂಲಿನ ಸೀರೆ, ಮೇಲೊಂದು ಬೂದು ಸ್ವೆಟರ್, ಕಾಲಿಗೆ ಹೊಸ ಕಾಲುಚೀಲ. ಚಪ್ಪಲಿಯನ್ನು ಬಿಚ್ಚಿ, ದೇವಸ್ಥಾನದ ಬಾಗಿಲಲ್ಲಿ ಬಿಡುವ ಹಾಗೆ ಮುಂದಿನ ಸೀಟಿನ ಕೆಳಗೆ ಜೋಡಿಸಿಟ್ಟಿದ್ದರು. ಕಾಲೆರಡೂ ಜೋತು ಬಿದ್ದಿದ್ದವು, ಸೀಟಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಲು ಇನ್ನೂ 14 ಗಂಟೆಗೂ ಮೇಲಿತ್ತು.

ನಾವಿಬ್ಬರೂ ಬೆಂಗಳೂರಿನ ಎರಡನೇ ಟರ್ಮಿನಲ್‌ನಿಂದ ಒಂದೇ ವಿಮಾನದಲ್ಲಿ ಹೊರಟು, ಕೊಲ್ಲಿಯ ಒಂದು ನಗರದಲ್ಲಿ ಇಳಿದು, ಈ ದೊಡ್ಡ ವಿಮಾನ ಹತ್ತಿದವರು. ಪರಿಚಯವಾದದ್ದು ಮಾತ್ರ ಇಲ್ಲಿ. ನಾನು ಫೋನಿನಲ್ಲಿ ಮನೆಯವರಿಗೆ "ಕೂತೆ, ಇನ್ನು ಸ್ವಿಚ್ ಆಫ್ ಮಾಡ್ತೀನಿ" ಎಂದದ್ದೇ ತಡ, ಪಕ್ಕದಿಂದ ಒಂದು ಕೈ ಬಂದು ನನ್ನ ಮುಂಗೈ ಹಿಡಿಯಿತು. "ಕನ್ನಡದೋರಾ ತಾಯಿ? ಸದ್ಯ!" ಆ 'ಸದ್ಯ'ದಲ್ಲಿ ಇಡೀ ರಾತ್ರಿಯ ದಿಗಿಲು ಇಳಿದು ಹೋದದ್ದು ಕೇಳಿಸಿತು. ಊರು ಅರಸೀಕೆರೆ ಹತ್ತಿರ. ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ಯಜಮಾನರು ಇಲ್ಲ. ವಿಮಾನ ಹತ್ತಿದ್ದು ಇದೇ ಮೊದಲು.

ಅವರನ್ನು ವಿಮಾನದ ಬಾಗಿಲವರೆಗೆ ಗಾಲಿಕುರ್ಚಿಯಲ್ಲಿ ತಂದಿದ್ದರು. ಮಂಡಿ ನೋವೇ ಎಂದು ಕೇಳಿದೆ. "ಕಾಲು ಚೆನ್ನಾಗೇ ಇದೆ ಕಣಮ್ಮ, ದಿನಾ ತೋಟಕ್ಕೆ ಹೋಗಿ ಬರ್ತೀನಿ. ಮಾತು ಬರಲ್ವಲ್ಲ, ಅದಕ್ಕೆ ಅಳಿಯಂದ್ರು ಗಾಡಿ ಬರೆಸಿದ್ರು." ಅಮೆರಿಕಕ್ಕೆ ಹೋಗುವ ವಿಮಾನಗಳ ಬಾಗಿಲಲ್ಲಿ ಗಾಲಿಕುರ್ಚಿಗಳು ಸಾಲುಗಟ್ಟುವುದನ್ನು ಕಂಡು ಹುಬ್ಬೇರಿಸುವವರಿದ್ದಾರೆ, ನಡೆಯಲು ಬರುವವರಿಗೆ ಇದೇಕೆ ಎಂದು. ಆ ಕುರ್ಚಿಗಳಲ್ಲಿ ಎಷ್ಟೋ ಈ ಅಮ್ಮನದರ ಹಾಗೆ ಭಾಷೆಗಾಗಿ ಬರೆಸಿದವು. ದಾರಿ ಕೇಳಲು ನಾಲಿಗೆಯಿಲ್ಲದ ಕಡೆ, ಕೈ ಹಿಡಿದು ಗೇಟು ಮುಟ್ಟಿಸಲು ಒಬ್ಬರು ಬೇಕು. ವಿಮಾನಯಾನದ ನಿಯಮಗಳಲ್ಲಿ ಅಂಥ ಒಬ್ಬರನ್ನು ಕೇಳಿ ಪಡೆಯಲು ಇರುವ ಸುಲಭದ ದಾರಿ ಗಾಲಿಕುರ್ಚಿ.

ನಮ್ಮ ಸಾಲು ಮೂರು–ನಾಲ್ಕು–ಮೂರರದು. ಬೋಯಿಂಗ್ 777 ವಿಮಾನ 1995ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದಾಗ ಹೆಚ್ಚಿನ ಕಂಪನಿಗಳು ಎಕಾನಮಿಯಲ್ಲಿ ಅಡ್ಡಕ್ಕೆ 9 ಸೀಟು ಹಾಕಿದ್ದವು. ವಿಮಾನದ ಒಡಲು ಅಂದಿನಷ್ಟೇ ಇದೆ, ಸೀಟು ಮಾತ್ರ ಈಗ ಬಹುತೇಕ ಕಡೆ 10. ಒಬ್ಬೊಬ್ಬರ ಪಾಲಿಗೆ ಸುಮಾರು 17 ಇಂಚು ಅಗಲ. ನಮ್ಮ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ 31, 32 ಇಂಚು. ಉದ್ದ ಕಾಲಿನವರ ಮಂಡಿ ತಗಲುವ ಕಷ್ಟವನ್ನು ಎಲ್ಲರೂ ಹೇಳುತ್ತಾರೆ. ಕುಳ್ಳಗಿರುವವರ ಕಷ್ಟ ಯಾರ ಕಿವಿಗೂ ಬಿದ್ದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಅಧ್ಯಯನ ವರದಿಯ ಪ್ರಕಾರ, ನಾಲ್ಕು ಗಂಟೆಗೂ ಹೆಚ್ಚು ಅಲುಗದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಅದು 6,000 ಮಂದಿಗೆ ಒಬ್ಬರಂತೆ, ಭಯಪಡುವಷ್ಟೇನಲ್ಲ. ಆದರೆ ಆ ಅಪಾಯ ಯಾರಿಗೆ ಹೆಚ್ಚು ಎಂದು ಹೇಳುವಾಗ ವರದಿ 1.9 ಮೀಟರಿಗಿಂತ ಎತ್ತರದವರ ಜೊತೆಗೇ 1.6 ಮೀಟರಿಗಿಂತ ಗಿಡ್ಡಗಿರುವವರನ್ನೂ ಸೇರಿಸಿದೆ. ನಮ್ಮ ಅಮ್ಮಂದಿರಲ್ಲಿ ಎಷ್ಟು ಜನ ಆ ಎತ್ತರ ದಾಟುತ್ತಾರೆ?

ನನ್ನ ಕೈಚೀಲವನ್ನು ಅಡ್ಡ ಮಲಗಿಸಿ, ಮೇಲೆ ಕಂಬಳಿ ಮಡಿಸಿಟ್ಟು, ಅವರ ಪಾದದಡಿ ತಳ್ಳಿದೆ. "ಅಯ್ಯೋ, ನಿನ್ನ ಬ್ಯಾಗ್ ತುಳೀಲಾ?" ಎಂದು ಕಾಲು ಎಳೆದುಕೊಂಡರು. ಬಲವಂತ ಮಾಡಿದ ಮೇಲೆ ಇಟ್ಟರು. ಆಗ ಭುಜ ಕೆಳಗಿಳಿಯಿತು, ಬೆನ್ನು ಮೊದಲ ಸಲ ಸೀಟಿಗೆ ಒರಗಿತು.

ಊಟ ಬಂತು. ಮೊದಲೇ ಹೇಳಿಟ್ಟ ವಿಶೇಷ ಊಟಗಳು ಎಲ್ಲರಿಗಿಂತ ಮುಂಚೆ ಬರುತ್ತವೆ. ಅಮ್ಮನ ಟ್ರೇ ಮೇಲೆ ಚೀಟಿ ಅಂಟಿಸಿತ್ತು. ಬೆಳ್ಳಿ ಹಾಳೆಯ ಮುಚ್ಚಳದ ಒಂದು ಮೂಲೆ ಎತ್ತಿದರು. ಹಬೆ ಬಂತು, ಅದರ ಜೊತೆ ಕೋಳಿ ಸಾರಿನ ವಾಸನೆ. ತಟ್ಟನೆ ಮುಚ್ಚಿ ಟ್ರೇಯನ್ನು ಎರಡು ಬೆರಳಿನಿಂದ ಆಚೆ ಸರಿಸಿದರು. ಮಾತಾಡಲಿಲ್ಲ. ಏನಾಗಿತ್ತೆಂದರೆ, ಟಿಕೆಟ್ ತೆಗೆಯುವಾಗ ಊಟದ ಪಟ್ಟಿಯಲ್ಲಿ 'ಹಿಂದೂ ಮೀಲ್' ಎಂದಿರುವುದನ್ನು ನೋಡಿ ಅಳಿಯ ಅದನ್ನೇ ಒತ್ತಿದ್ದಾರೆ. ವಿಮಾನದ ಅಡುಗೆಯವರ ಲೆಕ್ಕದಲ್ಲಿ ಹಿಂದೂ ಮೀಲ್ ಎಂದರೆ ದನದ ಮಾಂಸ ಇಲ್ಲದ ಊಟ ಎಂದಷ್ಟೇ ಅರ್ಥ; ಕೋಳಿ, ಕುರಿ, ಮೀನು ಇರಬಹುದು. ನಮ್ಮ ಕಡೆಯ ಸಸ್ಯಾಹಾರ ಬೇಕೆಂದರೆ ಒತ್ತಬೇಕಾದದ್ದು 'ಏಷ್ಯನ್ ವೆಜಿಟೇರಿಯನ್'. ಸಾಮಾನ್ಯವಾಗಿ ಹೊರಡುವುದಕ್ಕೆ 24 ಗಂಟೆ ಮೊದಲೇ ಬದಲಾಯಿಸಬೇಕು. ಮೇಲೆ ಹಾರಿದ ಮೇಲೆ ಟ್ರೇಗಳೆಲ್ಲ ಎಣಿಸಿಟ್ಟವು. ಈ ಒಂದು ಪದದ ತಪ್ಪಿಗೆ ಎಷ್ಟು ಹಿರಿಯರು ಸಾಗರ ದಾಟುವಷ್ಟು ಹೊತ್ತು ಹಸಿದು ಕೂತಿರಬಹುದೋ.

ಗಗನಸಖಿ ಒಳಗೆ ಹೋಗಿ ಹುಡುಕಿ ಎರಡು ಬನ್ನು, ಬೆಣ್ಣೆ, ಹಣ್ಣಿನ ಬಟ್ಟಲು ತಂದಳು. ನನ್ನ ಪಾಲಿಗೆ ಅನ್ನ, ರಾಜ್ಮಾ ಬಂದಿತ್ತು. ಅರ್ಧ ಅವರಿಗೆ ಹಾಕಿದೆ. ಒಂದು ತುತ್ತು ತಿಂದು ಅಮ್ಮ ನನ್ನ ಮುಖ ನೋಡಿದರು. "ಉಪ್ಪೇ ಹಾಕಿಲ್ವಲ್ಲ." ಉಪ್ಪು ಹಾಕಿರುತ್ತಾರೆ. ಕ್ಯಾಬಿನ್ನಿನ ಗಾಳಿಯ ಒತ್ತಡ ಮುಳ್ಳಯ್ಯನಗಿರಿಯ ತುದಿಯಲ್ಲಿರುವಷ್ಟು, ಕೆಲವೊಮ್ಮೆ ಇನ್ನೂ ಕಡಿಮೆ. ತೇವಾಂಶ ಶೇ 20ಕ್ಕಿಂತ ಕೆಳಗೆ. ಮೂಗು ಒಣಗಿದಾಗ ರುಚಿಯೂ ಹೋಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ವಿಮಾನದ ಮುಂಭಾಗದ ಒಂದು ತುಂಡನ್ನು ನೆಲದ ಮೇಲೇ ಒತ್ತಡದ ಕೊಳವೆಯೊಳಗಿಟ್ಟು, ಜನರನ್ನು ಕೂರಿಸಿ ಊಟ ಬಡಿಸಿ ನೋಡಿದ್ದಾರೆ: ಉಪ್ಪು, ಸಿಹಿ ಎರಡೂ ನಾಲಿಗೆಗೆ ಸಪ್ಪೆಯಾಗುತ್ತವೆ, ಹುಳಿ ಅಷ್ಟಾಗಿ ಮಾಸುವುದಿಲ್ಲ.

ಅಮ್ಮನಿಗೆ ಈ ಪರೀಕ್ಷೆಯ ಸುದ್ದಿ ಬೇಕಿರಲಿಲ್ಲ. ಸೀಟಿನಡಿಯ ಚೀಲ ಎಳೆದು ಸ್ಟೀಲಿನ ಡಬ್ಬಿ ತೆಗೆದರು. ಮುಚ್ಚಳ ತೆಗೆದದ್ದೇ ಹುರಿದ ಕಡಲೆಬೇಳೆ, ಒಣಕೊಬ್ಬರಿ, ಹುಣಸೆ, ಇಂಗು ಸಾಲಿಡೀ ಹರಡಿತು. ಚಟ್ನಿಪುಡಿ. ಚಮಚ ಹುಡುಕಲಿಲ್ಲ, ಮೂರು ಬೆರಳಿನಲ್ಲಿ ಚಿಟಿಕೆ ಹಿಡಿದು ಮೊದಲು ನನ್ನ ಅನ್ನದ ಮೇಲೆ ಉದುರಿಸಿದರು. "ಈಗ ಕಲೆಸ್ಕೊಂಡು ತಿನ್ನು." ಆ ಎತ್ತರದಲ್ಲಿ ನಾನು ತಿಂದ ಊಟಗಳಲ್ಲೆಲ್ಲ ನಾಲಿಗೆ ಎದ್ದು ಕೂತದ್ದು ಆವತ್ತು ಮಾತ್ರ. ಆಚೆ ಬದಿಯ ಹುಡುಗ, ತೆಲುಗಿನವನು, ಸುಮ್ಮನೆ ತನ್ನ ಟ್ರೇ ಮುಂದೆ ಚಾಚಿದ. ಅವನಿಗೂ ಒಂದು ಚಿಟಿಕೆ.

ಎಕಾನಮಿ ಎಂಬ ದರ್ಜೆ ಹುಟ್ಟಿದಾಗಲೇ ಬಡಿಸುವ ಕೈ ಹಿಡಿತದಲ್ಲಿರಬೇಕು ಎಂದು ಬರೆದಿಟ್ಟಿದ್ದರು. 1958ರಲ್ಲಿ ಅಟ್ಲಾಂಟಿಕ್ ಮೇಲೆ ಈ ಅಗ್ಗದ ದರ್ಜೆ ಬಂದಾಗ, ವಿಮಾನ ಕಂಪನಿಗಳ ಒಕ್ಕೂಟ ಅಲ್ಲಿನ ಪ್ರಯಾಣಿಕರಿಗೆ ಸರಳವಾದ ಸ್ಯಾಂಡ್‌ವಿಚ್ ಬಿಟ್ಟು ಊಟ ಕೊಡಬಾರದೆಂದು ನಿಯಮ ಮಾಡಿತು. ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ತನ್ನ ನಾಡಿನ ರೂಢಿಯಂತೆ ಮೇಲೆ ಧಾರಾಳವಾಗಿ ಪೇರಿಸಿ ಕೊಟ್ಟಿತು. ಪ್ಯಾನ್ ಆಮ್ ದೂರು ಕೊಟ್ಟಿತು, ದಂಡವೂ ಬಿತ್ತು. ಕೇಳುವಾಗಲೆಲ್ಲ ನನಗೆ ಆ ದಂಡ ಕಟ್ಟಿದವರ ಮೇಲೇ ಪ್ರೀತಿ.

ದೀಪ ಆರಿತು. ಮುಂದಿನ ಸೀಟು ಹಿಂದಕ್ಕೆ ವಾಲಿತು. ಎಲ್ಲೋ ಒಂದು ಕೂಸು ಅತ್ತು ಸುಮ್ಮನಾಯಿತು. ಐದನೇ ಗಂಟೆಗೆ ಎಚ್ಚರವಾದಾಗ ಅಮ್ಮ ಕಣ್ಣು ಬಿಟ್ಟುಕೊಂಡೇ ಕೂತಿದ್ದರು, ತುಟಿ ಒಡೆದಿತ್ತು. ಊಟದ ಜೊತೆ ಕೊಟ್ಟ ನೀರಿನ ಪುಟ್ಟ ಡಬ್ಬಿಯ ಹಾಳೆಯನ್ನೂ ಕಿತ್ತಿರಲಿಲ್ಲ. ಯಾಕಮ್ಮಾ ಎಂದರೆ, "ಕುಡುದ್ರೆ ಎದ್ದು ಹೋಗ್ಬೇಕಾಗುತ್ತೆ. ನೀವಿಬ್ರೂ ಮಲಗಿದೀರಿ." ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಮೆಲ್ಲಗೆ, "ಆ ಬಾಗಿಲು ತೆಗೆಯೋಕೂ ನಂಗೆ ಬರಲ್ಲ. ಮೊದಲನೇ ವಿಮಾನದಲ್ಲಿ ಹೋಗಿ ನೋಡ್ದೆ, ಹಿಡಿ ಸಿಗಲಿಲ್ಲ, ವಾಪಸ್ ಬಂದು ಕೂತ್ಕೊಂಡೆ." ಬೆಂಗಳೂರು ಬಿಟ್ಟಾಗಿನಿಂದ ಲೆಕ್ಕ ಹಾಕಿದೆ. 12 ಗಂಟೆ ಮೀರಿತ್ತು.

ಆ ಬಾಗಿಲಿಗೆ ಹಿಡಿ ಇರುವುದೇ ಇಲ್ಲ. ನಡುವೆ ಮಡಿಚುವ ಬಾಗಿಲು. ಮಡಿಕೆಯ ಜಾಗದಲ್ಲಿ ಒತ್ತಿದರೆ ಒಳಕ್ಕೆ ಮಡಿಚಿಕೊಳ್ಳುತ್ತದೆ. ಒಳಗೆ ಮಬ್ಬು ಬೆಳಕು. ಚಿಲಕ ಸರಿಸಿದ ಮೇಲೇ ದೀಪ ಪೂರ್ತಿ ಹತ್ತುವುದು. ನೀರಿನ ಚೊಂಬು ಇಲ್ಲ, ಕೊಳಾಯಿ ಒತ್ತಿದಷ್ಟು ಹೊತ್ತು ಮಾತ್ರ ಬರುತ್ತದೆ. ಗುಂಡಿ ಒತ್ತಿದರೆ ನೀರು ಸುರಿಯುವ ಬದಲು ಗಾಳಿ ಭೋರೆಂದು ಎಳೆದುಕೊಳ್ಳುತ್ತದೆ. ಗೊತ್ತಿಲ್ಲದವರ ಎದೆ ಝಲ್ಲೆನ್ನುವಷ್ಟು ಸದ್ದು. ಇದನ್ನೆಲ್ಲ ಬಾಗಿಲ ಬಳಿ ನಿಂತು ಒಂದೊಂದಾಗಿ ತೋರಿಸಿದೆ. ಖಾಲಿ ಬಾಟಲಿಗೆ ನೀರು ಹಿಡಿದುಕೊಟ್ಟೆ. "ಚಿಲಕ ಪೂರ್ತಿ ಎಳೀರಿ, ನಾನಿಲ್ಲೇ ಇರ್ತೀನಿ." ಒಳಗಿಂದ ಎರಡು ಸಲ ಕೇಳಿದರು, "ಇದ್ದೀಯಾ ತಾಯಿ?" ಎರಡು ಸಲವೂ ಓ ಎಂದೆ.

ಹಿಂದಿನ ಅಡುಗೆಕಟ್ಟೆಯ ಪರದೆ ಸರಿಸಿ ಅದೇ ಗಗನಸಖಿ ಹೊರಬಂದಳು. ಕೆನ್ಯಾದವಳಂತೆ. ಏನಾದರೂ ತೊಂದರೆಯೇ ಎಂದು ಕೇಳಿದಳು. ಅಮ್ಮ ನೀರೇ ಕುಡಿದಿಲ್ಲ ಎಂದೆ. ಐಸ್ ಹಾಕಿದ ನೀರು ತಂದಳು. ಅಮ್ಮ ಲೋಟ ಮುಟ್ಟಿ ತಲೆಯಾಡಿಸಿದರು, "ಬಿಸಿನೀರು." ಹುಡುಗಿ ನನ್ನನ್ನು ನೋಡಿದಳು. ಅರ್ಥ ಹೇಳಿದೆ. ಅವಳು ಒಳಗೆ ಹೋಗುತ್ತಾ ಆ ಪದವನ್ನು ಬಾಯಲ್ಲಿ ಹೊರಳಿಸಿಕೊಂಡಳು: ಬಿಸಿನೀರು, ಬಿಸಿನೀರು. ಆಮೇಲೆ ಉಳಿದ ದಾರಿಯಲ್ಲಿ ನಾಲ್ಕು ಸಲವಾದರೂ ನಮ್ಮ ಸಾಲಿನ ಹತ್ತಿರ ಬಾಗಿ ಆ ಒಂದು ಪದ ಕೇಳಿದ್ದಾಳೆ. ಅಮ್ಮ ಕುಡಿದರು. ಎರಡನೇ ಸಲ ಬಚ್ಚಲಿಗೆ ಒಬ್ಬರೇ ಹೋಗಿ ಬಂದರು.

ಅಮೆರಿಕದ ನಿಯಮದಲ್ಲಿ ಕನಿಷ್ಠ 50 ಸೀಟಿಗೆ ಒಬ್ಬ ಸಿಬ್ಬಂದಿ ಇರಬೇಕು. ಅವರು ಇರುವುದು ಮೊದಲಿಗೆ ನಮ್ಮ ಜೀವ ಕಾಯಲಿಕ್ಕೆ. ಅರ್ಧದಷ್ಟು ಬಾಗಿಲು ಮುಚ್ಚಿಹೋದರೂ 90 ಸೆಕೆಂಡಿನಲ್ಲಿ ವಿಮಾನ ಖಾಲಿ ಮಾಡಿಸುವಂತೆ ಇಡೀ ವ್ಯವಸ್ಥೆ ಇರಬೇಕು. ಅವರೂ ನಮ್ಮಷ್ಟೇ ಒಣಗಾಳಿಯಲ್ಲಿ, ನಿಂತುಕೊಂಡೇ ರಾತ್ರಿ ಕಳೆಯುವವರು. ಆದ್ದರಿಂದ ನನ್ನ ದೂರು ಅವರ ಮೇಲಲ್ಲ. ಕನ್ನಡನಾಡಿನಿಂದ ಇಷ್ಟು ಜನರನ್ನು ಹತ್ತಿಸಿಕೊಳ್ಳುವ ಕಂಪನಿ, ಬೆಲ್ಟ್ ಕಟ್ಟುವುದನ್ನು, ಆಮ್ಲಜನಕದ ಮುಖವಾಡ ಎಳೆದುಕೊಳ್ಳುವುದನ್ನು, ಬಚ್ಚಲ ಬಾಗಿಲು ತೆರೆಯುವುದನ್ನು ಎರಡು ನಿಮಿಷ ಕನ್ನಡದಲ್ಲಿ ಹೇಳಬೇಕು. ಮೊದಲೇ ಧ್ವನಿಮುದ್ರಿಸಿಟ್ಟರೂ ಸಾಕು. ನನ್ನ ಪಕ್ಕದ ಅಮ್ಮ ಎರಡು ವಿಮಾನಗಳಲ್ಲೂ ಆ ಸೂಚನೆಗಳನ್ನು ಕಣ್ಣರಳಿಸಿ ನೋಡಿದ್ದರು. ಒಂದು ಅಕ್ಷರ ತಲುಪಿರಲಿಲ್ಲ. ಇದನ್ನು ಸೌಕರ್ಯದ ಪಟ್ಟಿಗೆ ಸೇರಿಸಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಎಷ್ಟೋ ಹೊತ್ತಿಗೆ ಅಮ್ಮ ನನ್ನ ತೋಳು ತಟ್ಟಿದರು. ಎದುರಿನ ಪರದೆಯ ನಕ್ಷೆಯಲ್ಲಿ ಪುಟ್ಟ ವಿಮಾನ ಭೂಮಿಯ ನೆತ್ತಿಯ ಹತ್ತಿರ ತೆವಳುತ್ತಿತ್ತು. ಹೊರಗೆ ಸೊನ್ನೆಗಿಂತ 55 ಡಿಗ್ರಿ ಕೆಳಗೆ. ಎಲ್ಲರೂ ಮಲಗಿದ್ದರಿಂದ ಕಿಟಕಿಯ ಮರೆಯನ್ನು ನಾಲ್ಕು ಬೆರಳಷ್ಟೇ ಎತ್ತಿ, ಅದಕ್ಕೆ ಸೆರಗು ಮರೆ ಮಾಡಿ, ನನ್ನನ್ನು ಹತ್ತಿರ ಕರೆದರು. ಮೇ ತಿಂಗಳು, ಅಲ್ಲಿ ಸೂರ್ಯ ಮುಳುಗದ ಕಾಲ. ಕೆಳಗೆ ಹಿಮಗಟ್ಟಿದ ಕಡಲು, ಉದ್ದಕ್ಕೂ ಅಡ್ಡಕ್ಕೂ ಬಿರುಕು. "ಕೆರೆ ಒಣಗಿದಾಗ ನಮ್ಮೂರಲ್ಲೂ ಹೀಗೇ ಕಾಣುತ್ತೆ," ಎಂದರು. "ಇದು ಬೆಳ್ಳಗಿದೆ." ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಬಹಳ ಹೊತ್ತು ನೋಡಿದೆವು.

ಇಳಿಯಲು ಒಂದು ಗಂಟೆ ಇರುವಾಗ ಅಮ್ಮ ಬಚ್ಚಲಿಗೆ ಹೋಗಿ ಮುಖ ತೊಳೆದು, ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಬಂದರು. "ಸೊರಗಿದ ಮುಖದಲ್ಲಿ ಹೋದ್ರೆ ಬಸುರಿ ಹುಡುಗಿ ಅತ್ತುಬಿಡ್ತಾಳೆ." ಯಜಮಾನರು ಹೋದ ಮೇಲೂ ಕುಂಕುಮ ಬಿಟ್ಟಿಲ್ಲ ಎಂಬುದನ್ನು ಆಗ ಗಮನಿಸಿದೆ, ಕೇಳಲಿಲ್ಲ. ಕಾಲು ಊದಿತ್ತು, ಚಪ್ಪಲಿಯ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿಕೊಂಡರು. ಬೋರ್ಡಿಂಗ್ ಪಾಸಿನ ಹಿಂದೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ: ವಾಪಸ್ ಟಿಕೆಟ್ಟಿಗೆ ಏಷ್ಯನ್ ವೆಜಿಟೇರಿಯನ್ ಮೀಲ್, ನಡೆದಾಡುವ ದಾರಿಯ ಪಕ್ಕದ ಸೀಟು. ಅದನ್ನು ನಾಲ್ಕಾಗಿ ಮಡಿಸಿ, ಅಡಿಕೆ ಇಟ್ಟುಕೊಳ್ಳುವ ಸಣ್ಣ ಪರ್ಸಿನಲ್ಲಿ ಇಟ್ಟುಕೊಂಡರು. ಆರು ತಿಂಗಳ ಮೇಲೆ ಒಬ್ಬರೇ ವಾಪಸ್ ಬರಬೇಕಲ್ಲ.

ಬಾಗಿಲ ಹೊರಗೆ ಗಾಲಿಕುರ್ಚಿಗಳು ಕಾದಿದ್ದವು. ಹೆಸರು ಬರೆದ ಫಲಕ ಹಿಡಿದವನು ಅಮ್ಮನ ಹೆಸರನ್ನು ಹೇಗೆ ಹೇಳುವುದೆಂದು ತಡವರಿಸುತ್ತಿದ್ದ. ಅವರೇ ಮುಂದೆ ಹೋಗಿ ಕೈ ಎತ್ತಿದರು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕುರ್ಚಿ ತಳ್ಳುವವನು ಬಾಗಿ ಕೆಳಗಿನ ಎರಡು ಹಲಗೆಗಳನ್ನು ಮಡಿಕೆ ಬಿಚ್ಚಿ ಹಾಕಿದ. ಊದಿದ ಪಾದಗಳೆರಡೂ ಅವುಗಳ ಮೇಲೆ ಊರಿ ನಿಂತವು.